ತಳದ ಒಂದು ಗ್ಯಾಲನ್

ವಕೀಲ ಸೈಫುದ್ದೀನ್ ಸಾಹೇಬರು ತಮ್ಮ ಮೋಟಾರಿನ ಡ್ರೈವರನನ್ನು ಕೆಲಸದಿಂದ ಬಿಡಿಸಿದ ದಿನವೇ ಜ್ಞಾನೇಶ್ವರ ಕಳ್ಳನಾದ. ಕಳ್ಳತನ ಮಾಡಿದ್ದು ಎಂಟು ತಿಂಗಳ ಮೇಲೆ, ಆ ಮಾತು ಬೇರೆ. ಹನ್ನೊಂದು ವರ್ಷದಿಂದ ಹುಮನಾಬಾದಿನಲ್ಲಿ ಅವರ ಕಾರಕೂನನಾಗಿ ಅರ್ಜಿ ಬರೆದು ಬೆನ್ನು ಬಗ್ಗಿಸಿಕೊಂಡವನ ಕೈಗೆ ಸಾಹೇಬರು ಕೋರ್ಟಿನ ಅಂಗಳದಲ್ಲಿ ಚಾವಿ ಹಾಕಿದ್ದರು.

"ಇವತ್ತಿಂದ ಇದನ್ನೂ ನೀನೇ ಹೊಡಿ, ಜ್ಞಾನು. ಪಗಾರ ಅಷ್ಟೇ. ಬರಿಯೂದೂ ಕುಂತು, ಹೊಡಿಯೂದೂ ಕುಂತು. ನಿನಗೇನು ತ್ರಾಸ ಅದ?"

ಸುತ್ತ ನಿಂತಿದ್ದ ಪಕ್ಷಗಾರರೆಲ್ಲ ನಕ್ಕರು. ಜ್ಞಾನೇಶ್ವರನೂ ನಕ್ಕ. ನಗದೆ ಏನು ಮಾಡುತ್ತಾನೆ? ಆದರೆ ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಅವನು ಕೈಕೆಲಸದವನಲ್ಲ, ಓದಿದವನು. ಅದೇ ಅವನ ಸೊಕ್ಕು. ಮೋಟಾರು ಹೊಡೆಯುವುದನ್ನು ಹದಿನೈದು ದಿನದಲ್ಲಿ ಕಲಿತ. ಬಾನೆಟ್ಟು ಎತ್ತಿ ಕೈ ಮಸಿ ಮಾಡಿಕೊಳ್ಳುವುದು ತನ್ನಂಥವನ ಕೆಲಸವಲ್ಲ ಎಂದು, ಮೋಟಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಹೈಸ್ಕೂಲಿನ ಮಾಸ್ತರರಿಂದ ಓದಿಸಿಕೊಂಡು ಬರೆದಿಟ್ಟುಕೊಂಡ. ಟ್ಯಾಂಕು ಎಂಟು ಗ್ಯಾಲನ್ ಹಿಡಿಯುತ್ತದೆ. ಅದರಲ್ಲಿ ಮೇಲಿನ ಏಳು ತಾನಾಗಿಯೇ ಇಳಿದು ಬರುತ್ತದೆ. ತಳದ ಒಂದು ಗ್ಯಾಲನ್ ಆಪತ್ತಿಗೆಂದು ಉಳಿಯುತ್ತದೆ, ಅದು ರಿಸರ್ವು. ಮೋಟಾರು ಕೆಮ್ಮಿ ನಿಂತರೆ ಕಾಲ ಬಳಿಯ ನಲ್ಲಿಯನ್ನು ಬಲಕ್ಕೆ ತಿರುಗಿಸಬೇಕು. ಆಗ ಆ ಒಂದು ಗ್ಯಾಲನ್ ಬರುತ್ತದೆ, ಇನ್ನೂ ಇಪ್ಪತ್ತು ಮೈಲಿ ಓಡುತ್ತದೆ. ಇದನ್ನೆಲ್ಲ ತಿಳಿದುಕೊಂಡ ಮೇಲೆ ತಾಲೂಕಿನಲ್ಲಿ ಮೋಟಾರಿನ ಶಾಸ್ತ್ರ ಬಲ್ಲವನು ತಾನೊಬ್ಬನೇ ಎಂದು ಅವನಿಗೆ ಖಾತ್ರಿಯಾಯಿತು.

ಅದು ನಲವತ್ತೊಂಬತ್ತರ ಬೇಸಿಗೆ. ನಿಜಾಮನ ರಾಜ್ಯ ಹೋಗಿತ್ತು, ಪೆಟ್ರೋಲಿನ ರೇಶನ್ ಚೀಟಿ ಹೋಗಿರಲಿಲ್ಲ. ಚೀಟಿ ಇಲ್ಲದಿದ್ದರೂ ಸೈಫುದ್ದೀನ್ ಸಾಹೇಬರು ಅಳೆದೇ ಕೊಡುತ್ತಿದ್ದರು ಎನ್ನಿ. ಬಿದಿರಿನ ಕಡ್ಡಿಗೆ ಗೀರು ಹಾಕಿ, ನಲವತ್ತು ಮೈಲಿಗೆ ಎರಡು ಗ್ಯಾಲನ್, ಅದರ ಮೇಲೆ ಒಂದು ತೊಟ್ಟಿಲ್ಲ. ತಳದ ಗ್ಯಾಲನ್ ಮುಟ್ಟುವಂತಿಲ್ಲ. ಟ್ಯಾಂಕಿನ ಅಡಿಯಲ್ಲಿ ಬಿರುಕು ಬಿಟ್ಟಿತ್ತು, ಅದಕ್ಕೂ ಬೆಸುಗೆ ಹಾಕಿಸದೆ ಬಟ್ಟೆ ಸಾಬೂನು ಮೆತ್ತಿಸಿದ್ದರು. ಇಂಥ ಮನುಷ್ಯನ ಮೋಟಾರು ಹಾದಿಯಲ್ಲಿ ನಿಂತರೆ ಯಾರಾದರೂ ಸಂಶಯ ಪಡುತ್ತಾರೆಯೇ? ಇಷ್ಟು ದಿನ ಹ್ಯಾಂಗೆ ನಿಲ್ಲಲಿಲ್ಲ ಎಂದು ಆಶ್ಚರ್ಯಪಟ್ಟಾರು.

ಅಷ್ಟರಲ್ಲಿ ಹಜಿರಾ ಬೀಯ ಖಟ್ಲೆ ಬಂತು. ಹಜಿರಾ ಬೀ ಕಲ್ಯಾಣಿಯ ವಿಧವೆ. ಈಗಿನ ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದರು. ಗಂಡ ಸತ್ತ ಮೇಲೆ ಮೈದುನ ಮನೆಯ ಬಂಗಾರವೆಲ್ಲ ತನ್ನದೆಂದು ಕೋರ್ಟಿಗೆ ಹೋಗಿದ್ದ. ತೀರ್ಪು ಆಗುವತನಕ ಒಡವೆಗಳನ್ನು ಹುಮನಾಬಾದಿನ ಕೋರ್ಟಿನಲ್ಲಿ ಇಡಬೇಕೆಂದು ಹುಕುಂ ಆಯಿತು. ತರಲು ಸಾಹೇಬರೇ ಹೋಗಬೇಕಿತ್ತು. ಎರಡು ಆಳಿನ ಭಾರಕ್ಕೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ ಎಂದು ಜ್ಞಾನೇಶ್ವರನೊಬ್ಬನನ್ನೇ ಕಳಿಸಿದರು.

ಅವನು ಆಗಲೇ ಸೊಲ್ಲಾಪುರದಲ್ಲಿ ಒಂದು ಖಾನಾವಳಿ ತೆಗೆದಾಗಿತ್ತು, ಮನಸ್ಸಿನಲ್ಲಿ. ದುಡ್ಡಿನ ಗಲ್ಲೆಯ ಮುಂದೆ ತಾನು. ಅದೂ ಕೂತು ಮಾಡುವ ಕೆಲಸವೇ.

ಹಾಸಿಗೆಯಲ್ಲಿ ಬಿದ್ದುಕೊಂಡು ಅವನು ದಡ್ಡ ಕಳ್ಳರನ್ನು ನೆನೆದು ನಗುತ್ತಿದ್ದ. ದಡ್ಡ ಕಳ್ಳ ಪೆಟ್ರೋಲು ತೀರಿತು ಅನ್ನುತ್ತಾನೆ, ರಿಸರ್ವಿನ ನೆನಪೇ ಇರುವುದಿಲ್ಲ. ಪೊಲೀಸರು ಬಂದು ನಲ್ಲಿ ತಿರುಗಿಸುತ್ತಾರೆ, ಮೋಟಾರು ಓಡುತ್ತದೆ, ಕಳ್ಳನ ಕೈಗೆ ಬೇಡಿ ಬೀಳುತ್ತದೆ. ಜ್ಞಾನೇಶ್ವರ ತಳದ ಗ್ಯಾಲನ್ನನ್ನೂ ಬಿಡುವವನಲ್ಲ. ಸಾಬೂನು ಕೆರೆದು ಹಾಕಿದರೆ ಅದೂ ಸೋರಿ ಹೋಗುತ್ತದೆ. ನಲ್ಲಿಯನ್ನೂ ಬಲಕ್ಕೆ ತಿರುಗಿಸಿಡುತ್ತಾನೆ, ಕಷ್ಟಕ್ಕೆ ಬಿದ್ದ ಮನುಷ್ಯ ಹಾಗೆ ಮಾಡೇ ಮಾಡುತ್ತಾನಲ್ಲ. ಇಂಥ ಸೂಕ್ಷ್ಮ ಬೇರೆ ಯಾರಿಗೆ ಹೊಳೆದೀತು?

ಆ ಬುಧವಾರ ಹಜಿರಾ ಬೀ ಹಿತ್ತಾಳೆಯ ಡಬ್ಬಿಯನ್ನು ಹಸಿರು ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಹಾಕಿಸಿ ತಯಾರಿಟ್ಟಿದ್ದಳು. ಡಬ್ಬಿ ಕೊಡುವ ಮೊದಲು ಅವನಿಗೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅವನು ಎರಡು ಸಲ ಹಾಕಿಸಿಕೊಂಡು ಉಂಡ.

"ನನ್ನ ಮಗಳು ಅನ್ವರಿ ನಿಕಾ ಇದರಾಗೇ ಅದ, ಭಾಯಿ. ಇದು ಹೋದ್ರ ಹುಡುಗೀನ ಯಾರೂ ಕೇಳಂಗಿಲ್ಲ," ಎಂದಳು.

"ನನ್ನ ತಂಗಿ ಒಡವಿ ಅಂತ ತಿಳೀತೀನ್ರಿ, ಬೀ ಸಾಹೇಬಾ," ಎಂದು ಜ್ಞಾನೇಶ್ವರ ಕೈ ತೊಳೆದ.

ಮರಳುವಾಗ ರಾಜೇಶ್ವರ ಎಂಬ ಊರಿಗೆ ಇನ್ನೂ ಮೂರು ಮೈಲಿ ಇದ್ದಲ್ಲಿ ಹಾದಿಯ ಎರಡೂ ಕಡೆ ಬರೀ ಕರೀಭೂಮಿ, ಜಾಲಿ. ಬೆಳಗಿನ ಬಸ್ಸು ಹೋಗಿತ್ತು, ಮಧ್ಯಾಹ್ನದ್ದು ಬರಲು ಹೊತ್ತಿತ್ತು. ಅಲ್ಲಿ ಮೋಟಾರನ್ನು ಬದಿಗೆ ತಂದು ಸ್ವಿಚ್ಚು ಆರಿಸಿದ. ಡಬ್ಬಿಯನ್ನು ಇನ್ನೂರು ಹೆಜ್ಜೆ ಆಚೆಗಿದ್ದ ಹಾಳು ಸುಣ್ಣದ ಗೂಡಿನಲ್ಲಿ ಕಲ್ಲಿನಡಿ ಹುಗಿದ. ಮಳೆಗಾಲಕ್ಕೆ ಮುಂಚೆ ಬಂದು ತೆಗೆದುಕೊಂಡರಾಯಿತು. ಮರಳಿ ಬಂದು ಮೋಟಾರಿನಡಿ ಮಲಗಿ ಚಾಕುವಿನಿಂದ ಸಾಬೂನು ಕೆರೆದ, ಬಿರುಕನ್ನು ತುಸು ಅಗಲ ಮಾಡಿದ. ಪೆಟ್ರೋಲು ಸೋರತೊಡಗಿತು. ನೆಲ ಬಾಯಾರಿದ್ದಂತೆ ಕುಡಿಯಿತು. ಪೂರಾ ಬರಿದಾದ ಮೇಲೆ ಕಡ್ಡಿ ಇಳಿಸಿ ನೋಡಿದ. ಕಡ್ಡಿ ಒಣಗಿಕೊಂಡೇ ಮೇಲೆ ಬಂತು. ಎಲ್ಲ ಇಲ್ಲೇ ಸೋರಿದ್ದು ಕಾಣದಂತೆ ನೆಲದ ಮೇಲೆ ಮಣ್ಣು ಎಳೆದ. ನಲ್ಲಿ ಬಲಕ್ಕೆ ತಿರುಗಿಸಿದ. ಹಿಂದಿನ ಡಿಕ್ಕಿಗೆ ಬೀಗ ಹಾಕಿ, ಕಲ್ಲಿನಿಂದ ಅದೇ ಬೀಗವನ್ನು ಒಡೆದ. ಮೂರು ಮೈಲಿ ನಡೆಯುವಾಗ ಅಂಗಿ ಬೆವರಿನಿಂದ ತೊಯ್ದದ್ದೂ ಅವನಿಗೆ ಒಳ್ಳೆಯದೇ ಅನಿಸಿತು. ಬೆವರು ಸುಳ್ಳು ಹೇಳುತ್ತದೆ ಎಂದು ಯಾರು ಅನ್ನುತ್ತಾರೆ?

ರಾಜೇಶ್ವರದ ಹೋಟೆಲಿನ ಮುಂದೆ ಕಲ್ಯಾಣಿಗೆ ಹೋಗುವ ಬಸ್ಸು ನಿಂತಿತ್ತು. ಡ್ರೈವರ್ ಮಕ್ಬೂಲ್ ಬಸಿಯಲ್ಲಿ ಚಹಾ ಊದುತ್ತಿದ್ದ. ಮುಂದಿನ ಸೀಟಿನಲ್ಲಿ ಹುಮನಾಬಾದಿನ ಪೊಲೀಸ್ ಅಮೀನ, ಅಂದರೆ ಫೌಜದಾರ, ಕೂತಿದ್ದ. ಜ್ಞಾನೇಶ್ವರನಿಗೆ ಕುಣಿಯುವಷ್ಟು ಸಂತೋಷವಾಯಿತು. ಸಾಕ್ಷಿ ಬೇಕೆಂದರೆ ಸರಕಾರವೇ ಬಂದು ಕೂತಿದೆ.

"ಏನ್ರಿ ಕಾರಕೂನ್ ಸಾಬ, ನಿಮ್ಮ ವಕೀಲ ಸಾಬ್ರು ಮೋಟಾರಿಗೆ ಎಣ್ಣಿ ಕುಡಸ್ತಾರೋ, ಬರೇ ವಾಸನಿ ತೋರಸ್ತಾರೋ?" ಮಕ್ಬೂಲ್ ಕೇಳಿದ.

"ಹೇಳಬ್ಯಾಡ್ರಿ ಭಾಯಿ. ಸಾಬೂನು ಕಿತ್ತು ಬಂದದ. ರಿಸರ್ವ್ ಸುದ್ದಾ ಸೋರಿ ಹೋಗ್ಯದ. ಡಿಕ್ಕಿನ್ಯಾಗ ಕೋರ್ಟಿನ ಒಡವಿ ಅದಾವ, ಲಗೂನ ನಡೀರಿ."

"ಒಡವಿ ಬಿಟ್ಟು ಬಂದೀರಿ?" ಅಮೀನ ಹುಬ್ಬೇರಿಸಿದ.

"ಬಂಗಾರ ಹೆಗಲ ಮ್ಯಾಲ ಹೊತ್ಕೊಂಡು ಒಬ್ಬಾವ ಈ ಹಾದಿ ನಡೀಲೇನ್ರಿ, ಸಾಹೇಬ್ರ? ಬೀಗ ಹಾಕಿ ಬಂದೀನಿ."

ಅಮೀನನಿಗೆ ಅದು ಸರಿ ಅನಿಸಿತು. ಈ ಉತ್ತರವನ್ನು ಜ್ಞಾನೇಶ್ವರ ಹತ್ತು ದಿನ ಕನ್ನಡಿಯ ಮುಂದೆ ಕಲಿತಿದ್ದ.

ಬಸ್ಸು ಬಂದು ನಿಂತಿತು. ಒಡೆದ ಬೀಗ ನೋಡಿ ಜ್ಞಾನೇಶ್ವರ ತಲೆಯ ಟೊಪ್ಪಿಗೆ ನೆಲಕ್ಕೆ ಒಗೆದು ಧೂಳಲ್ಲಿ ಕೂತ. ಹಜಿರಾ ಬೀಯ ಹೆಸರು ಹಿಡಿದು, ಅನ್ವರಿಯ ಹೆಸರು ಹಿಡಿದು ಅತ್ತ. ಬಸ್ಸಿನ ಹೆಂಗಸರೂ ಕಣ್ಣೊರೆಸಿಕೊಂಡರು. ಅಮೀನ ಕಡ್ಡಿ ಇಳಿಸಿ ನೋಡಿದ, ಒಣಗಿತ್ತು. ಟ್ಯಾಂಕಿನ ಬಿರುಕು ನೋಡಿದ, ನಲ್ಲಿ ನೋಡಿದ, ಬಲಕ್ಕಿತ್ತು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

"ನಿಮ್ಮದೇನು ತಪ್ಪಿಲ್ಲ, ಏಳ್ರಿ. ಆ ಜಿಪುಣ ವಕೀಲನ್ನ ಕೇಳಬೇಕು. ಮೋಟಾರ್ ಠಾಣಾಕ್ಕ ತರ್ರಿ. ಮಕ್ಬೂಲ್, ಬಿರುಕಿಗೆ ಸಾಬೂನು ಮೆತ್ತಿ ಒಂದು ಗ್ಯಾಲನ್ ಹಾಕು."

ಮಕ್ಬೂಲ್ ಬಸ್ಸಿನಿಂದ ಪೆಟ್ರೋಲಿನ ಡಬ್ಬಿ ಇಳಿಸಿದ, ಆದರೆ ಬಿರಡೆ ತೆಗೆಯಲಿಲ್ಲ. ಚೀಟಿಯ ಪೆಟ್ರೋಲಿನ ಕಾಲದಲ್ಲಿ ಆ ಹಾದಿಯ ಡ್ರೈವರುಗಳು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಯಾರು ಎಷ್ಟೇ ಅತ್ತು ಕೇಳಲಿ, ಮೋಟಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಾವೇ ತಿರುವಿ ನೋಡದೆ ಹನಿ ಕೊಡುತ್ತಿರಲಿಲ್ಲ.

"ನಿಮ್ಮ ಮ್ಯಾಲ ಸಂಶೆ ಇಲ್ರಿ, ಕಾರಕೂನ್ ಸಾಬ. ಹೋದ ತಿಂಗಳ ಒಬ್ಬಾವ ಹಿಂಗೇ ಅತ್ತು ಎರಡು ಗ್ಯಾಲನ್ ಹೊಡಕೊಂಡು ಹೋದ. ಸ್ವಿಚ್ ಹಾಕ್ರಿ."

ಜ್ಞಾನೇಶ್ವರ ಕಣ್ಣೊರೆಸಿಕೊಳ್ಳುತ್ತ ಸೀಟಿನಲ್ಲಿ ಕೂತು ತಾನೇ ಸ್ವಿಚ್ಚು ಹಾಕಿದ. ಬರಿದಾದ ಟ್ಯಾಂಕನ್ನು ಎಷ್ಟು ತಿರುವಿದರೇನು? ತಿರುವಲಿ, ಅದೂ ಒಂದು ಸಾಕ್ಷಿ.

ಮಕ್ಬೂಲ್ ಎರಡನೇ ಸಲ ತಿರುವಿದ್ದಕ್ಕೇ ಮೋಟಾರು ದಡದಡ ಎಂದು ಶುರುವಾಯಿತು. ಕೆಮ್ಮಲಿಲ್ಲ, ಕುಂಟಲಿಲ್ಲ, ಮದುವೆಯ ಡೊಳ್ಳಿನ ಹಾಗೆ ಬಡಿದುಕೊಳ್ಳತೊಡಗಿತು. ಜ್ಞಾನೇಶ್ವರ ಎಂದೂ ಎತ್ತಿ ನೋಡದ ಬಾನೆಟ್ಟಿನೊಳಗೆ, ಎಂಜಿನ್ನಿನ ಮಗ್ಗುಲಲ್ಲಿ, ತಂಬಿಗೆಯಷ್ಟು ದೊಡ್ಡ ಒಂದು ಡಬ್ಬಿ ಇತ್ತು. ಟ್ಯಾಂಕಿನ ಪೆಟ್ರೋಲು ಮೊದಲು ಅದಕ್ಕೆ ಬಂದು, ಅಲ್ಲಿಂದ ಎಂಜಿನ್ನಿಗೆ ಇಳಿಯುತ್ತಿತ್ತು. ಪೆಟ್ರೋಲು ತೀರಿ ನಿಂತ ಮೋಟಾರು ಆ ಡಬ್ಬಿಯನ್ನೂ ನೆಕ್ಕಿ ಮುಗಿಸಿಯೇ ನಿಲ್ಲುತ್ತದೆ. ಸ್ವಿಚ್ಚು ಆರಿಸಿ ನಿಲ್ಲಿಸಿದ ಮೋಟಾರಿನಲ್ಲಿ ಅದು ತುಂಬಿಕೊಂಡೇ ಇರುತ್ತದೆ, ಟ್ಯಾಂಕಿಗೆ ಎಷ್ಟು ಬಿರುಕು ಕೊರೆದರೂ ಅದರ ಹನಿ ಕದಲುವುದಿಲ್ಲ. ಮಕ್ಬೂಲ್ ಹ್ಯಾಂಡಲ್ ಕಿತ್ತು ಹೆಗಲ ಮೇಲಿಟ್ಟುಕೊಂಡು, ಪೆಟ್ರೋಲಿನ ಡಬ್ಬಿಯನ್ನು ಮರಳಿ ಬಸ್ಸಿಗೆ ಒಯ್ದ. ಅಮೀನ ನೋಟ್‌ಬುಕ್ಕಿನಲ್ಲಿ ಬರೆದ ಹಾಳೆಯನ್ನು ನಿಧಾನ ಹರಿದು, ಮಡಿಚಿ ಜೇಬಿಗೆ ಹಾಕಿಕೊಂಡು, ಮೋಟಾರಿನ ಬಾಗಿಲಿಗೆ ಮೊಳಕೈ ಊರಿದ. "ಕಾರಕೂನ್ ಸಾಬ," ಎಂದ, "ಎಣ್ಣಿ ಇಲ್ಲದ ನಿಂತದ ಅಂದ್ರಲ್ಲ. ಈಗ ಇದಕ್ಕ ನಿಂದರು ಅಂತ ಹೇಳ್ರಿ, ನೋಡೂಣು."