ಜೋರಾಳ ಹೊಟ್ಟೆ ಪಾಸ್ ಮಾಡಿದ ಕಾರು

"ಅಪ್ಪಾ, ನಿಲ್ಸು! ನಿಲ್ಸು!"

ಅಪ್ಪ ಬ್ರೇಕ್ ಒತ್ತಿದ. ಜೋರಾ ಬಾಗಿಲು ತೆಗೆದು, ರಸ್ತೆ ಬದಿಯ ಹುಲ್ಲಿನ ಮೇಲೆ ಬಗ್ಗಿ, ಬೆಳಿಗ್ಗೆ ತಿಂದಿದ್ದ ಚೀಸ್ ರೊಟ್ಟಿಯನ್ನೆಲ್ಲ ವಾಂತಿ ಮಾಡಿದಳು.

"ಎಷ್ಟನೇ ತಿರುವು?" ಗೆಂಚೊ ಮಾವ ಹಿಂದಿನ ಸೀಟಿನಿಂದ ಕೇಳಿದ.

"ಎರಡ್ನೇದು," ಅಂದ ಅಪ್ಪ.

"ಎರಡಕ್ಕೇನಾ? ಹಾಗಾದ್ರೆ ಎಂಜಿನ್ನೇ ಹೋಗಿದೆ. ಈ ಕಾರು ಬೇಡ, ವಾಪಸ್ ಕೊಟ್ಬಿಡೋಣ."

ಕಾರಿನ ಮಾಲೀಕ ಏನೂ ಅರ್ಥವಾಗದೆ ಮೂವರನ್ನೂ ಪಿಳಿಪಿಳಿ ನೋಡಿದ. ಪಾಪ, ಅವನಿಗೆ ಜೋರಾಳ ಹೊಟ್ಟೆಯ ವಿಷಯ ಗೊತ್ತಿರಲಿಲ್ಲ. ಗಾಬ್ರೊವೊ ಊರಲ್ಲಿ ಮಿಕ್ಕವರಿಗೆಲ್ಲ ಗೊತ್ತಿತ್ತು.

ಜೋರಾಗೆ ಹತ್ತು ವರ್ಷ. ಅವಳಪ್ಪ ಹನ್ನೆರಡನೇ ನಂಬರ್ ಸಿಟಿ ಬಸ್ಸಿನ ಡ್ರೈವರ್. ಬಸ್ ಡ್ರೈವರ್ ಮಗಳಿಗೆ ಬಸ್ಸಲ್ಲಿ ಕೂತರೆ ವಾಂತಿ! ಶಾಲೆಯಿಂದ ಪಿಕ್‌ನಿಕ್ ಹೋದಾಗ ಪಕ್ಕದಲ್ಲಿದ್ದ ಮಿರೊನ್‌ನ ಬ್ಯಾಗಿನೊಳಗೇ ವಾಂತಿ ಮಾಡಿದ್ದಳು. ಅವತ್ತಿನಿಂದ ಕ್ಲಾಸಿನಲ್ಲಿ ಅವಳ ಹೆಸರು ವಾಂತಿರಾಣಿ.

ಹೊಟ್ಟೆಗೆ ಮರ್ಯಾದೆ ಬಂದದ್ದು ಈ ವಸಂತದಲ್ಲಿ. ಅಪ್ಪ ಒಂದು ದೊಡ್ಡ ಕಾರು ಕೊಳ್ಳಲು ಹೊರಟಿದ್ದ. ಲೆದರ್ ಸೀಟು, ಮರದ ಡ್ಯಾಶ್‌ಬೋರ್ಡ್, ಸಾಹೇಬರು ಓಡಾಡುವಂಥ ಉದ್ದನೆಯ ಕಾರು. ಹೊಸದಲ್ಲ ಬಿಡಿ. ಹೊಸದರ ಒಂದು ಬಾಗಿಲು ಕೊಳ್ಳುವಷ್ಟು ದುಡ್ಡೂ ಅವನ ಹತ್ತಿರ ಇರಲಿಲ್ಲ. ಆದರೆ ಹದಿನೈದು, ಇಪ್ಪತ್ತು ವರ್ಷ ಓಡಿದ ಸಾಹೇಬರ ಕಾರುಗಳು ಬಸ್ ಡ್ರೈವರ್‌ಗಳಿಗೂ ಸಿಗುತ್ತವೆ. ಕೆಡದೇ ಇರುವುದು ಸಿಗಬೇಕು, ಅಷ್ಟೆ.

ಮೊದಲು ನೋಡಿದ ಕಾರಿನಲ್ಲಿ ಜೋರಾ ವಾಂತಿ ಮಾಡಿದಳು. ಅಪ್ಪ ಬೇಸರದಿಂದ ಬೇಡ ಅಂದ. ಅದನ್ನು ಔಷಧಿ ಅಂಗಡಿಯವರು ಕೊಂಡರು. ಒಂಬತ್ತನೇ ದಿನ ಅದರ ಎಂಜಿನ್ ನಡುರಸ್ತೆಯಲ್ಲಿ ಹೊಗೆ ಬಿಟ್ಟು ಮಲಗಿಬಿಟ್ಟಿತು. ಎರಡನೇ ಕಾರಿನಲ್ಲೂ ವಾಂತಿ. ಅದನ್ನು ಕೊಂಡವರು ಬೇಕರಿಯವರು. ಬೆಟ್ಟದ ಇಳಿಜಾರಿನಲ್ಲಿ ಅದರದೇ ಚಕ್ರ ಅದನ್ನೇ ಓವರ್‌ಟೇಕ್ ಮಾಡಿಕೊಂಡು ಹೋಯಿತಂತೆ.

"ಲೇ, ಇವಳು ಹುಡುಗಿಯಲ್ಲ ಕಣ್ರೋ, ಮೆಷಿನ್ನು!" ಅಂದ ಗೆಂಚೊ ಮಾವ.

ಗೆಂಚೊ ಮಾವ ಅಮ್ಮನ ತಮ್ಮ. ಅವನಿಗೆ ಕಾರುಗಳ ಬಗ್ಗೆ ಎಲ್ಲ ಗೊತ್ತು. ಹಾಗಂತ ಅವನೇ ಹೇಳುತ್ತಾನೆ. ಅವನ ಜೇಬಿನಲ್ಲಿ ಫ್ರಿಡ್ಜ್ ಮೇಲಿಂದ ಕಿತ್ತು ತಂದ ಟೊಮೆಟೊ ಆಕಾರದ ಒಂದು ಅಯಸ್ಕಾಂತ ಸದಾ ಇರುತ್ತದೆ. ಕಾರಿನ ಮೈಮೇಲೆ ಅದನ್ನಿಟ್ಟರೆ ತಗಡಿಗೆ ಅಂಟಿಕೊಳ್ಳಬೇಕು. ಬಿದ್ದರೆ ಅಲ್ಲಿ ನೆಗ್ಗಿದ್ದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಎಂದರ್ಥ. ಹೊರಗಿನ ಕಾಯಿಲೆಗೆ ಟೊಮೆಟೊ, ಒಳಗಿನ ಕಾಯಿಲೆಗೆ ಜೋರಾ ಎಂದು ಮಾವ ತೀರ್ಮಾನಿಸಿಬಿಟ್ಟ.

ಈಗ ಬೀದಿಯವರೆಲ್ಲ ಜೋರಾಳನ್ನು ಕೇಳಿಕೊಂಡು ಬರತೊಡಗಿದರು. "ಭಾನುವಾರ ಸ್ವಲ್ಪ ಕಳಿಸ್ತೀರಾ? ಒಂದು ರೌಂಡ್ ಹೋಗಿ ಬಂದ್ರೆ ಸಾಕು." ಮಿರೊನ್ ಕೂಡ ಮೆಲ್ಲಗೆ ಬಂದ. "ನಮ್ಮಪ್ಪ ವ್ಯಾನ್ ನೋಡ್ತಿದಾರೆ ಕಣೇ. ಬಂದು ಕೂತ್ಕೊಳ್ತೀಯಾ? ಬ್ಯಾಗ್ ನಾನೇ ತರ್ತೀನಿ."

ಎಲ್ಲರಿಗೂ ಖುಷಿ. ಅಕ್ಕ ಕಲಿನಾಗೆ ಮಾತ್ರ ತಲೆಬಿಸಿ.

ಕಲಿನಾ ಹನ್ನೆರಡನೇ ಕ್ಲಾಸ್ ಮುಗಿಸಿದ್ದಳು. ಮೇ ಕೊನೆಗೆ ಅವಳ ಬಾಲ್, ಅಂದರೆ ಶಾಲೆಗೆ ವಿದಾಯ ಹೇಳುವ ಸಂಜೆಯ ಪಾರ್ಟಿ. ಅವತ್ತು ಶಾಲೆ ಮುಗಿಸಿದವರೆಲ್ಲ ಹೊಸ ಬಟ್ಟೆ ತೊಟ್ಟು, ಕಾರಿನಿಂದ ಅರ್ಧ ಹೊರಗೆ ಬಂದು, ಒಂದರಿಂದ ಹನ್ನೆರಡರವರೆಗೆ ಗಂಟಲು ಹರಿಯುವಂತೆ ಎಣಿಸುತ್ತಾ ಊರೆಲ್ಲ ಸುತ್ತುತ್ತಾರೆ. ಮನೆಯ ಹಳೇ ಕಾರು ಚಳಿಗಾಲದಲ್ಲೇ ಗುಜರಿಗೆ ಹೋಗಿತ್ತು.

"ಕಾರು ಸಿಗದಿದ್ರೆ ನನ್ನ ಬಸ್ಸಿದೆಯಲ್ಲ!" ಅಂದ ಅಪ್ಪ. "ಹನ್ನೆರಡನೇ ನಂಬರು. ನೀನು ಎಣಿಸೋದೇ ಬೇಡ, ಬೋರ್ಡಲ್ಲೇ ಬರ್ದಿರುತ್ತೆ."

ಕಲಿನಾ ಬಾಗಿಲು ಧಡಾರಂತ ಹಾಕಿಕೊಂಡಳು.

ಬಾಲ್‌ಗೆ ಐದು ದಿನವಿದ್ದಾಗ ಎಲ್ಲರೂ ಊರಾಚೆಯ ಕಾರು ಅಂಗಡಿಗೆ ಹೋದರು. ಅಲ್ಲಿ ಕಪ್ಪು ಕಾರೊಂದು ನಿಂತಿತ್ತು. ಮುಖ ನೋಡಿಕೊಳ್ಳುವಷ್ಟು ಹೊಳಪು, ತೆರೆಯುವ ಗಾಜಿನ ಚಾವಣಿ. ರೇಟು ಕೂಡ ಅಪ್ಪನ ಜೇಬಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು.

"ಜರ್ಮನಿಯ ಒಬ್ಬ ಹಲ್ಲಿನ ಡಾಕ್ಟರ್ ಓಡಿಸ್ತಿದ್ದಿದ್ದು," ಅಂದ ಬಿಳಿ ಶೂ ಹಾಕಿದ್ದ ಸೇಲ್ಸ್‌ಮನ್. "ಭಾನುವಾರ ಚರ್ಚಿಗೆ ಹೋಗೋಕೆ ಮಾತ್ರ. ಒಂದೇ ಒಂದು ತೊಂದರೆ ಇಲ್ಲ. ಶಾಲೆಯಲ್ಲಿ ಮಾರ್ಕ್ಸ್ ಕೊಡ್ತಾರಲ್ಲ ಪಾಪು, ಆರಕ್ಕೆ ಆರು. ಬೇಕಾದ್ರೆ ಏಳು ಹಾಕು."

ಮಾವ ಟೊಮೆಟೊ ತೆಗೆದು ಸುತ್ತ ಇಟ್ಟು ನೋಡಿದ. ಎಲ್ಲ ಕಡೆ ಅಂಟಿತು. ಕಲಿನಾ ಚಾವಣಿಯಿಂದ ತಲೆ ಹೊರಗೆ ಹಾಕಿ ಹನ್ನೆರಡರವರೆಗೆ ಎಣಿಸಿಯೂ ಆಯಿತು. ಕೆಳಗಿಳಿದಾಗ ಅವಳ ಕಣ್ಣು ಮಿಂಚುತ್ತಿತ್ತು. ಜೋರಾಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು. "ಜೋರಾ, ಪ್ಲೀಸ್ ಕಣೇ. ಇವತ್ತೊಂದಿನ ಬೇಡ."

ಜೋರಾ ಜೇಬು ಮುಟ್ಟಿ ನೋಡಿಕೊಂಡಳು. ಅವಳ ಜೇಬಿನಲ್ಲಿ ಯಾವಾಗಲೂ ಅರ್ಧ ನಿಂಬೆಹಣ್ಣು ಇರುತ್ತಿತ್ತು.

ಕಾರು ಹೊರಟಿತು. ಮೊದಲ ತಿರುವು, ಪರವಾಗಿಲ್ಲ. ಎರಡನೇ ತಿರುವಿನಲ್ಲಿ ಅವಳ ಮೂಗಿಗೆ ಒಂದು ವಾಸನೆ ಬಡಿಯಿತು. ಕನ್ನಡಿಗೆ ನೇತುಹಾಕಿದ್ದ ವೆನಿಲ್ಲಾ ಪರಿಮಳದ ಕೆಳಗೆ ಇನ್ನೊಂದು ವಾಸನೆ ಅಡಗಿತ್ತು. ಚಳಿಗಾಲ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಉಪ್ಪು ಹಾಕಿಟ್ಟ ಎಲೆಕೋಸಿನ ಪೀಪಾಯಿ ತೆರೆದರೆ ಬರುತ್ತದಲ್ಲ, ಅಂಥ ಮುಗ್ಗಲು. ಹೊಟ್ಟೆ ತೊಳಸಿತು. ಬಾಯಲ್ಲಿ ನೀರೂರಿತು. ಜೋರಾ ನಿಂಬೆಯನ್ನು ಕಚ್ಚಿ, ಬಂದದ್ದನ್ನೆಲ್ಲ ನುಂಗಿಕೊಂಡಳು. ಮೂರನೇ ತಿರುವಿನಲ್ಲೂ ನುಂಗಿದಳು. ನಾಲ್ಕರಲ್ಲಂತೂ ಕಣ್ಣಲ್ಲಿ ನೀರು ಬಂತು.

"ಹೇಗಿದೀಯಾ ಮಗಳೇ?" ಅಪ್ಪ ಕನ್ನಡಿಯಲ್ಲಿ ನೋಡಿ ಕೇಳಿದ.

"ಏನಿಲ್ಲ. ಚೆನ್ನಾಗಿದೀನಿ," ಅಂದಳು ಜೋರಾ, ತುಟಿ ಬಿಚ್ಚದೆ.

ಅಪ್ಪ ಹಾರ್ನ್ ಹೊಡೆದು ಕೂಗಿದ. "ಪಾಸ್! ನನ್ನ ಮೆಷಿನ್ನು ಪಾಸ್ ಮಾಡ್ತು!"

ಆಫೀಸಿನಲ್ಲಿ ಅಪ್ಪ ಒಳಜೇಬಿನಿಂದ ಕರವಸ್ತ್ರದ ಗಂಟು ತೆಗೆದ. ಎರಡು ವರ್ಷ ಭಾನುವಾರವೂ ಬಸ್ ಓಡಿಸಿ ಕೂಡಿಟ್ಟದ್ದು. ಅದನ್ನು ಬಿಚ್ಚಿ ನೋಟು ಎಣಿಸತೊಡಗಿದ.

"ಬೇರೆ ಯಾರು ಹೇಳಿದ್ರೂ ನಂಬ್ತಿರಲಿಲ್ಲ ಸಾರ್," ಅಂದ ಅಪ್ಪ ಸೇಲ್ಸ್‌ಮನ್‌ಗೆ. "ನಮ್ಮ ಜೋರಾ ಹೇಳಿದ್ಳು ಅಂದ್ರೆ ಮುಗೀತು. ಅವಳು ಸುಳ್ಳು ಹೇಳಲ್ಲ."

ಜೋರಾಗೆ ಕಾರಿನಲ್ಲಿ ಆದದ್ದಕ್ಕಿಂತ ಹೆಚ್ಚು ಸಂಕಟವಾಯಿತು. ಇದು ನಿಂಬೆಹಣ್ಣಿಗೆ ಬಗ್ಗುವ ಸಂಕಟವಾಗಿರಲಿಲ್ಲ.

"ಅಪ್ಪಾ," ಅಂದಳು. "ನಂಗೆ ವಾಂತಿ ಬಂದಿತ್ತು. ಮೂರು ಸಲ. ನುಂಗ್ಕೊಂಡೆ."

ಸೇಲ್ಸ್‌ಮನ್ ನಕ್ಕ. "ಏನ್ ಸಾರ್, ಮಕ್ಕಳ ಹೊಟ್ಟೆ ನೋಡಿ ಕಾರು ತಗೋತೀರಾ?"

ಗೆಂಚೊ ಮಾವ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ. "ಸ್ವಾಮಿ, ಇಂಥ ಹೊಟ್ಟೆ ಜರ್ಮನಿಯಲ್ಲೂ ತಯಾರಾಗಲ್ಲ. ಮಗೂ, ವಾಸನೆ ಎಲ್ಲಿಂದ ಬಂತು, ತೋರ್ಸು."

ಎಲ್ಲರೂ ಕಾರಿನ ಹತ್ತಿರ ಬಂದರು. ಜೋರಾ ಹಿಂದಿನ ಸೀಟಿನ ಕೆಳಗೆ ಕೈ ತೋರಿಸಿದಳು. ಮಾವ ಕಾರ್ಪೆಟ್ ಎಳೆದ. ಅದು ಬರಲಿಲ್ಲ. ಕಾಲು ಕೊಟ್ಟು ಜಗ್ಗಿದ. ಪರ್ರ್ ಎಂದು ಕಿತ್ತು ಬಂತು. ಕೆಳಗೆ ಹೊಳೆಯ ಮರಳು, ಒದ್ದೆ ಹುಲ್ಲು. ಮರಳಿನ ಮೇಲೆ ಒಂದು ಬಸವನಹುಳು. ಅದು ಬೆಳಕು ಬಿದ್ದದ್ದೇ ನಿಧಾನವಾಗಿ ಎರಡು ಕೊಂಬು ಹೊರಗೆ ಹಾಕಿ ಎಲ್ಲರನ್ನೂ ನೋಡಿತು.

"ಇವರೇನಾ ಹಲ್ಲಿನ ಡಾಕ್ಟರ್ರು?" ಕೇಳಿದ ಮಾವ.

"ಪ್ರವಾಹದಲ್ಲಿ ಮುಳುಗಿದ ಕಾರು!" ಅಪ್ಪ ಗಂಟನ್ನು ಮತ್ತೆ ಕಟ್ಟಿದ. ಸೇಲ್ಸ್‌ಮನ್ ಇದ್ದಕ್ಕಿದ್ದಂತೆ ಫೋನಿನಲ್ಲಿ ಯಾರೊಂದಿಗೋ ಮಾತಾಡತೊಡಗಿದ. ಫೋನ್ ಮಾತ್ರ ತಲೆಕೆಳಗಾಗಿತ್ತು.

ಕಲಿನಾ ಮನೆಯವರೆಗೂ ಒಂದು ಮಾತೂ ಆಡಲಿಲ್ಲ. ಮರುದಿನವೂ ಆಡಲಿಲ್ಲ. ಊಟದ ಮೇಜಿನ ಮೇಲೆ ಉಪ್ಪು ಬೇಕಾದರೆ ಜೋರಾಳ ಮುಂದಿನಿಂದ ಕೈ ಚಾಚಿ ತಾನೇ ತೆಗೆದುಕೊಂಡಳು. ಜೋರಾ ಅವತ್ತು ಸರಿಯಾಗಿ ತಿನ್ನಲೇ ಇಲ್ಲ.

ಅಪ್ಪ ತನ್ನ ಕಷ್ಟವನ್ನು ಬಸ್ಸಿಗೆ ಹತ್ತಿದವರಿಗೆಲ್ಲ ಹೇಳಿಕೊಂಡ. ಅದನ್ನು ಕೇಳಿದವರಲ್ಲಿ ರಾಯ್ನಾ ಟೀಚರ್ ಒಬ್ಬರು. ಮೂವತ್ತೈದು ವರ್ಷ ಲೆಕ್ಕ ಕಲಿಸಿ ರಿಟೈರ್ ಆದವರು.

"ನನ್ನ ಹತ್ರ ಒಂದಿದೆ, ವೆಸೆಲಿನ್," ಅಂದರು ಅವರು ಅಪ್ಪನಿಗೆ. "ಕಣ್ಣು ಮಂಜಾಗಿದೆ, ಇನ್ನು ಓಡಿಸಬೇಡಿ ಅಂದ್ರು ಡಾಕ್ಟ್ರು. ಆದ್ರೆ ಮೊದಲೇ ಹೇಳಿಬಿಡ್ತೀನಿ, ಆ ಕಾರಿಗೆ ನಾನು ಆರಕ್ಕೆ ನಾಲ್ಕೇ ಕೊಡೋದು."

ಗ್ಯಾರೇಜಿನ ಬಾಗಿಲು ತೆರೆದಾಗ ಕಲಿನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಉದ್ದನೆಯ, ಗಂಭೀರವಾದ, ಲೆದರ್ ಸೀಟಿನ, ಮರದ ಡ್ಯಾಶ್‌ಬೋರ್ಡಿನ ಕಾರೇ ಅದು. ಬಣ್ಣ ಮಾತ್ರ ಅರೆದ ಸಾಸಿವೆಯ ಕಡು ಹಳದಿ.

"ನಮ್ಮೆಜಮಾನ್ರು ಮದುವೆಗಳಲ್ಲಿ ಕ್ಲಾರಿನೆಟ್ ನುಡಿಸ್ತಿದ್ರು. ದೂರದಿಂದಲೇ ನಾನು ಬಂದೆ ಅಂತ ಜನಕ್ಕೆ ಗೊತ್ತಾಗ್ಲಿ ಅಂತ ಈ ಬಣ್ಣ," ಅಂದರು ಟೀಚರ್. ಆಮೇಲೆ ಕನ್ನಡಕ ಏರಿಸಿಕೊಂಡು ಪಾಠ ಶುರು ಮಾಡಿದರು. "ಡಿಕ್ಕಿಗೆ ಒಂದು ಗುದ್ದು ಕೊಡದಿದ್ರೆ ತೆರೆಯಲ್ಲ. ರೇಡಿಯೋದಲ್ಲಿ ಒಂದೇ ಸ್ಟೇಷನ್ ಬರುತ್ತೆ, ಅದೂ ಹವಾಮಾನ. ಹಿಂದೆ ಎಡಗಡೆ ಕಿಟಕಿ ಒಂದೇ ಪೂರ್ತಿ ಇಳಿಯೋದು. ಎಂಜಿನ್ನು ಗಟ್ಟಿ, ಪ್ರತಿ ವರ್ಷ ಎಣ್ಣೆ ಬದಲಾಯಿಸಿದೀನಿ."

ಮಾವನ ಟೊಮೆಟೊ ಮುಂದಿನ ಚಕ್ರದ ಮೇಲ್ಗಡೆ ಟಪ್ಪಂತ ಬಿತ್ತು. ಮಾವ ಹುಬ್ಬೇರಿಸಿದ.

"ಅಲ್ಲಿ ಬೀಳ್ಲೇಬೇಕು," ಅಂದರು ಟೀಚರ್. "ಶಾಲೆ ಗೇಟಿಗೆ ಗುದ್ದಿದ್ದೆ. ತಪ್ಪು ನನ್ನದೇ, ಗೇಟಿಂದಲ್ಲ."

ಬೆಟ್ಟದ ರಸ್ತೆಗೆ ಹೊರಟರು. ಜೋರಾ ತೊಡೆಯ ಮೇಲೆ ಚೀಲ ಬಿಡಿಸಿಟ್ಟುಕೊಂಡು ಕಣ್ಣು ಮುಚ್ಚಿದಳು. ಮಾವ ತಿರುವು ಎಣಿಸಿದ. "ಎರಡು... ಐದು... ಒಂಬತ್ತು... ಲೇ ವೆಸೆಲಿನ್, ಹುಡುಗಿ ಅಲ್ಲಾಡ್ತಾನೇ ಇಲ್ಲ! ನಿಲ್ಸೋ!"

ಅಪ್ಪ ಗಾಬರಿಯಿಂದ ನಿಲ್ಲಿಸಿದ. ಎಲ್ಲರೂ ಅವಳ ಮೇಲೆ ಬಗ್ಗಿದರು. ಕಲಿನಾ ಅವಳ ಕೆನ್ನೆ ತಟ್ಟಿದಳು. "ಜೋರಾ! ಜೋರಾ! ಏನಾಯ್ತೇ?" ಎರಡು ದಿನದಲ್ಲಿ ಅಕ್ಕ ಆಡಿದ ಮೊದಲ ಮಾತು ಅದು.

ಜೋರಾ ಒಂದು ಕಣ್ಣು ತೆರೆದಳು. "ಯಾಕೆ ಎಬ್ಬಿಸಿದ್ರಿ? ಎಷ್ಟು ಚೆನ್ನಾಗಿ ನಿದ್ದೆ ಬಂದಿತ್ತು."

ಗೆಂಚೊ ಮಾವ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಕಾರಿನಲ್ಲಿ ಜೋರಾ ನಿದ್ದೆ ಮಾಡಿದ್ದು ಅವಳು ಹುಟ್ಟಿದ ಮೇಲೆ ಇದೇ ಮೊದಲು.

ಬಾಲ್‌ನ ಸಂಜೆ ಅಮ್ಮ ಹೊಸ್ತಿಲ ಮುಂದೆ ತಾಮ್ರದ ಚಂಬಿನಲ್ಲಿ ನೀರು, ಹೂವು ಇಟ್ಟಳು. ನೀರು ಹರಿದಂತೆ ಬದುಕು ಸಾಗಲಿ ಅನ್ನುವ ಶಾಸ್ತ್ರದಂತೆ ಕಲಿನಾ ಬಲಗಾಲಿನಿಂದ ಅದನ್ನು ಒದ್ದಳು. ಅರ್ಧ ನೀರು ದಾರಿಗೆ, ಅರ್ಧ ಗೆಂಚೊ ಮಾವನ ಪ್ಯಾಂಟಿಗೆ. ಸಾಸಿವೆ ಕಾರು ಹೊರಟಿತು. ರೇಡಿಯೋ, ನಾಳೆ ಚದುರಿದ ಮೋಡ ಇರುತ್ತದೆ ಅಂದಿತು.

ಹಿಂದೆ ಎಡಗಡೆಯ ಕಿಟಕಿಯ ಹತ್ತಿರ ಜೋರಾ ಕೂತಿದ್ದಳು. ಪಕ್ಕದಲ್ಲಿ ಕಲಿನಾ. ಅವಳ ನೀಲಿ ಗೌನು ಸೀಟನ್ನೆಲ್ಲ ತುಂಬಿ ಜೋರಾಳ ಗದ್ದದವರೆಗೆ ಬಂದಿತ್ತು. ಶಾಲೆ ಹತ್ತಿರವಾಯಿತು. ಹಾರ್ನ್‌ಗಳ ಗದ್ದಲ, ಎಣಿಸುವ ಕೂಗು ಕೇಳಿಸತೊಡಗಿತು. ಕಲಿನಾ ಶಾಲೆಯ ಗೇಟನ್ನೇ ನೋಡುತ್ತಿದ್ದಳು. ನಾಳೆಯಿಂದ ಆ ಗೇಟಿನೊಳಗೆ ಅವಳಿಗೆ ಕೆಲಸವಿರಲಿಲ್ಲ.

"ಅಕ್ಕಾ, ಏನಾಯ್ತು?"

"ಏನಿಲ್ಲ. ಚೆನ್ನಾಗಿದೀನಿ," ಅಂದಳು ಕಲಿನಾ, ತುಟಿ ಬಿಚ್ಚದೆ.

ಜೋರಾ ಆ ದನಿಯನ್ನು ಗುರುತು ಹಿಡಿದಳು. ಕಪ್ಪು ಕಾರಿನಲ್ಲಿ, ನಾಲ್ಕನೇ ತಿರುವಿನಲ್ಲಿ, ಅದು ಅವಳದೇ ಬಾಯಿಂದ ಬಂದಿತ್ತು. ಜೇಬಿಗೆ ಕೈ ಹಾಕಿ ಅರ್ಧ ನಿಂಬೆಹಣ್ಣು ತೆಗೆದು ಅಕ್ಕನ ತಣ್ಣಗಿದ್ದ ಅಂಗೈಯಲ್ಲಿಟ್ಟಳು.

ಕಲಿನಾ ಅದನ್ನೂ ಇವಳನ್ನೂ ನೋಡಿದಳು. ಕಚ್ಚಿದಳು. ಮುಖವೆಲ್ಲ ಸುಕ್ಕಾಗಿ, ಕಣ್ಣಲ್ಲಿ ನೀರು ಬಂತು. "ಥೂ, ಏನ್ ಹುಳಿನೇ ಇದು!" ಅಂದಳು. ಆಮೇಲೆ ನಗುತ್ತಾ, ಗೌನನ್ನು ಬಾಚಿ ಹಿಡಿದು, ಜೋರಾಳ ತೊಡೆಯ ಮೇಲೆ ಮಂಡಿಯೂರಿ ಕಿಟಕಿಯಿಂದ ಸೊಂಟದವರೆಗೆ ಹೊರಗೆ ಹೋದಳು.

"ಒಂದೂ!"

ಮಂಡಿ ಒತ್ತಿ ಜೋರಾಗೆ ತೊಡೆ ನೋಯುತ್ತಿತ್ತು. ಆದರೂ ಅಕ್ಕನ ಸೊಂಟವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಒಳಗಿನಿಂದಲೇ ಅವಳ ಜೊತೆ ಎಣಿಸಿದಳು. ಹನ್ನೆರಡಾದ ಮೇಲೂ ಕೈ ಬಿಡಲಿಲ್ಲ.