ಒಳಗಿರೋದು ಒಂದೇ ಮದ್ದು

ಸೋಮವಾರ ಬೆಳಿಗ್ಗೆ ರೊವೀನಾ ಹ್ಯಾಚೆಟ್ ತನ್ನದೇ ತೂಕ ಇಳಿಸುವ ಕ್ಲಿನಿಕ್ಕಿನ ಬಚ್ಚಲಲ್ಲಿ ಬಿದ್ದಿದ್ದಳು. ವಾಂತಿ ಮಾಡಿ ಮಾಡಿ ಮೈಯಲ್ಲಿ ಜೀವವೇ ಇದ್ದಂತಿರಲಿಲ್ಲ; ಆಸ್ಪತ್ರೆಗೆ ಹೊತ್ತೊಯ್ದರು. ಕೈಚೀಲದಲ್ಲಿ ಅವಳು ತೂಕ ಇಳಿಸಲು ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದ ಕಂಪನಿಯ ಇಂಜೆಕ್ಷನ್ ಪೆನ್ನು ಸಿಕ್ಕಿತು. ಯಾರೋ ಅದಕ್ಕೆ ಹಲವು ಪಟ್ಟು ಗಟ್ಟಿಯಾದ ಮದ್ದು ತುಂಬಿದ್ದರು.

ಲಬಕ್ ಊರಿನ ಅರ್ಧ ಹೆಂಗಸರು ಅವಳ ಗಿರಾಕಿಗಳು. ಪೆನ್ನು ಕೊಳ್ಳಲಾಗದವರಿಗೆ ಅವಳು ಔಷಧದಂಗಡಿಯಲ್ಲಿ ಬೆರೆಸಿದ, ಸಿರಿಂಜಿನಲ್ಲಿ ತಾವೇ ಅಳೆದು ಚುಚ್ಚಿಕೊಳ್ಳುವ ಅಗ್ಗದ ಮದ್ದಿನ ಸೀಸೆ ಮಾರುತ್ತಿದ್ದಳು. "ಪೆನ್ನಿಗೆ ಕೊಡೋದು ಹೆಸರಿನ ದುಡ್ಡು ಕಣ್ರೇ, ಒಳಗಿರೋದು ಒಂದೇ ಮದ್ದು" ಎನ್ನುವುದು ಅವಳ ಬಾಯಿಪಾಠ. ತಾನು ಮಾತ್ರ ಸೀಸೆ ಮುಟ್ಟುತ್ತಿರಲಿಲ್ಲ. ಮದುವೆಗೆಂದು ಮೈ ಇಳಿಸಲು ಹೊರಟ ಅವಳ ತಂಗಿಯ ಮಗಳು ಕಾರ್ಲಿ ಆ ಸೀಸೆಯಿಂದಲೇ ಸತ್ತಾಗ, "ಹುಡುಗಿ ಅಳತೆ ತಪ್ಪಿದಳು" ಎಂದು ಕೈತೊಳೆದುಕೊಂಡಿದ್ದಳು. ಇಂಥವಳಿಗೆ ಹೀಗೇ ಆಗಬೇಕು ಎಂದು ಪತ್ತೇದಾರಿಣಿ ವರ್ಲೀನ್ ಓಕ್ಸಳಿಗೂ ಒಂದು ಕ್ಷಣ ಅನಿಸಿತು. ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಹಿಂದಿನ ದಿನ, ಭಾನುವಾರ, ಪೆನ್ನು ರೊವೀನಾಳ ಮನೆಯ ಫ್ರಿಜ್ಜಿನಲ್ಲಿತ್ತು. ಚರ್ಚ್ ಮುಗಿಸಿ ಅಲ್ಲಿ ಊಟಕ್ಕೆ ಕೂತವರು ಅವಳಲ್ಲದೆ ಮೂವರೇ. ವರ್ಲೀನ್ ಆ ಮೂವರನ್ನೂ ಅದೇ ಅಡುಗೆಮನೆಗೆ ಕರೆಸಿದಳು.

"ಡಗ್ ಅವ್ರೇ, ಹೆಂಡ್ತಿ ರೊವೀನಾ ಜೊತೆ ಜಗಳ ಇತ್ತಂತೆ?"

"ಇತ್ತು ಮೇಡಂ. ವಿಚ್ಛೇದನಕ್ಕೆ ವಕೀಲರನ್ನ ಇಟ್ಟಿದೀನಿ. ವಿಷ ಯಾಕೆ ಹಾಕ್ಲಿ?"

"ನೀವೂ ಇದೇ ಪೆನ್ನು ತಗೋತೀರಾ?"

ಡಗ್ ಹೊಟ್ಟೆ ಸವರಿಕೊಂಡ. "ತಗೋತೀನಿ. ಕಾಣ್ತಿಲ್ವಾ?"

"ಡಾಕ್ಟ್ರೇ, ನೀವು ಕ್ಲಿನಿಕ್ಕಲ್ಲಿ ಪಾಲು ಕೇಳಿದ್ರಿ. ಅವರು ಕೊಡ್ಲಿಲ್ಲ—"

"ಕೊಡ್ಲಿಲ್ಲ," ಎಂದರು ಕ್ಲಿನಿಕ್ಕಿನ ಡಾಕ್ಟರ್ ಪ್ರೂಯಿಟ್. "ಪೆನ್ನು, ಸೀಸೆ ಎರಡೂ ದಿನಾ ನನ್ನ ಕೈಲೇ ಓಡಾಡುತ್ತೆ. ಅನುಮಾನ ಪಡಿ, ಬೇಜಾರಿಲ್ಲ."

ಮೂರನೆಯವಳು ನೆಲ್ಡಾ, ಕಾರ್ಲಿಯ ತಾಯಿ. ಅವಳನ್ನು ಯಾರೂ ಅನುಮಾನಿಸಿರಲಿಲ್ಲ. ಇಡೀ ಚರ್ಚಿನೆದುರು ಅಕ್ಕನನ್ನು ತಬ್ಬಿ ಕ್ಷಮಿಸಿದ್ದೇನೆ ಎಂದವಳು!

"ನೆಲ್ಡಾ, ನೀವು ಪೆನ್ನಿನ ಮದ್ದು ನೋಡಿದೀರಾ?"

"ಅಷ್ಟು ದುಡ್ಡು ನಮ್ಮತ್ರ ಎಲ್ಲಿಂದ ಬರ್ಬೇಕು ಮೇಡಂ? ಕಾರ್ಲಿ ಸೀಸೆ ನೋಡಿದೀನಿ. ಎರಡೂ ಒಂದೇ ಅಲ್ವಾ?"

ವರ್ಲೀನ್ ಪೆನ್ನನ್ನು ಬೆಳಕಿಗೆ ಹಿಡಿದಳು. ಕಿಟಕಿಯಂಥ ಗಾಜಿನಲ್ಲಿ ಒಂದು ತೊಟ್ಟು ಮದ್ದು ಉಳಿದಿತ್ತು. ಕೆಂಪಗಿತ್ತು.

"ಎಲ್ಲರೂ ಇದನ್ನ ನೋಡಿದ್ರು. ಯಾರೂ ಯೋಚಿಸ್ಲಿಲ್ಲ. ಕಂಪನಿ ಮದ್ದು ನೀರಿನ ಹಾಗೆ ತಿಳಿ. ಈ ಊರಿನ ಸೀಸೆಗೆ ಬಿ-ಟ್ವೆಲ್ವ್ ವಿಟಮಿನ್ ಬೆರೆಸ್ತಾರೆ, ಅದಕ್ಕೇ ಕೆಂಪು. ಡಾಕ್ಟ್ರಿಗೆ ಗೊತ್ತು. ಡಗ್‌ಗೂ ಗೊತ್ತು. ಇವರಿಬ್ಬರೂ ಪೆನ್ನಿಗೆ ಕೆಂಪು ಮದ್ದು ತುಂಬ್ತಿರ್ಲಿಲ್ಲ, ಮೊದಲ ನೋಟಕ್ಕೇ ಸಿಕ್ಕಿಬೀಳ್ತಾರೆ. ಕನ್ನಡಕ ಹಾಕಿದ್ರೆ ವಯಸ್ಸು ಕಾಣುತ್ತೆ ಅಂತ ರೊವೀನಾ ಹಾಕಲ್ಲ, ಅದಕ್ಕೇ ಅವಳಿಗೆ ತಿಳೀಲಿಲ್ಲ. ತುಂಬಿದೋರು ಪೆನ್ನಿನ ಮದ್ದನ್ನ ಎಂದೂ ಬಳಸಿದೋರಲ್ಲ, ಆತುರದಲ್ಲಿ ಬಣ್ಣಾನೂ ಗಮನಿಸ್ಲಿಲ್ಲ. ಒಳಗಿರೋದು ಒಂದೇ ಅನ್ನೋ ರೊವೀನಾ ಮಾತನ್ನ ನಿಜ ಅಂತ ನಂಬಿದೋರು." ಅವಳು ತಿರುಗಿದಳು. "ಇದು ಕಾರ್ಲಿ ಸೀಸೆಯಲ್ಲಿ ಉಳಿದದ್ದು. ಅಲ್ವಾ ನೆಲ್ಡಾ?"

ನೆಲ್ಡಾ ಕಣ್ಣು ತಗ್ಗಿಸಲಿಲ್ಲ.

"ಹೌದು. ನನ್ನ ಮಗು ಕುಡಿದ ನೀರೂ ಕಕ್ಕಿ ಸತ್ತಳು. ಅಕ್ಕನೂ ಹಾಗೇ ಕಕ್ಕಲಿ ಅಂತ ಉಳಿದದ್ದನ್ನ ತೆಗೆದಿಟ್ಟಿದ್ದೆ. ಕ್ಷಮೆಯೆಲ್ಲ ಈ ಫ್ರಿಜ್ಜಿನ ಹತ್ರ ಬರೋಕೆ." ಆಮೇಲೆ ಅವಳೇ ಕೇಳಿದಳು, "ಅಕ್ಕ ಬದುಕ್ತಾಳಾ?"

"ಬದುಕ್ತಾಳೆ."

"ಸಾಯಲಿ ಅಂತಿದ್ದೆ. ಈಗ ನೋಡಿದ್ರೆ ಬದುಕೋದೇ ವಾಸಿ." ನೆಲ್ಡಾ ತಾನೇ ಎರಡೂ ಕೈ ಮುಂದೆ ಚಾಚಿದಳು. "ನನ್ನನ್ನ ಜೈಲಿಗೆ ಹಾಕ್ಬೇಕಾದ್ರೆ ಅವಳು ಕೋರ್ಟಲ್ಲಿ ಊರಿನ ಹೆಂಗಸರೆಲ್ಲರ ಮುಂದೆ ಆಣೆಯಿಟ್ಟು ಹೇಳ್ಬೇಕು— ನಾನು ಚುಚ್ಕೊಂಡಿದ್ದೇ ಬೇರೆ, ನಿಮ್ಮ ಮಕ್ಕಳಿಗೆ ಮಾರಿದ್ದೇ ಬೇರೆ ಅಂತ. ಹೇಳ್ಲಿ. ನಾನು ಕೂತು ಕೇಳ್ತೀನಿ."

ವರ್ಲೀನ್ ಕೈಕೋಳ ತೊಡಿಸಿದಳು.