ಮುದ್ದಮ್ಮನ ಮನೆಗೆ ಬಂದ ಕೆರುಬೊ

ಕಂಬದೊಳಗೆ ಇನ್ನೊಂದು ಮುಖ ಕಂಡಿತು!

ಕೆರುಬೊ ಬೆಚ್ಚಿ ಹಿಂದೆ ಸರಿದಳು. ಬಸ್ತಿಹಳ್ಳಿಯ ಬಸದಿಯಲ್ಲಿ ಆ ಕರಿಕಲ್ಲಿನ ಕಂಬ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ತನ್ನನ್ನೇ ನೋಡಿಕೊಳ್ಳುತ್ತ ಮೈಮರೆತವಳಿಗೆ ಪಕ್ಕದಲ್ಲಿ ಯಾರೋ ಬಂದು ನಿಂತದ್ದೇ ತಿಳಿದಿರಲಿಲ್ಲ.

“ಹೆದರ್ಬೇಡಿ, ನಾನು ಸುನಿಲ್. ನಿಮ್ಮನ್ನ ಗಂಡಸಿ ಊರಿಗೆ ಕರ್ಕೊಂಡು ಹೋಗೋಕೆ ಬಂದಿದ್ದೀನಿ.”

“ಇದನ್ನು... ಮನುಷ್ಯರು ಮಾಡಿದರೇ?” ತರಬೇತಿಯಲ್ಲಿ ಕಲಿತ ಪುಸ್ತಕದ ಕನ್ನಡದಲ್ಲಿ ಕೇಳಿದಳು.

“ಬಂದಾಗಲೆಲ್ಲಾ ನಾನೂ ಅದನ್ನೇ ಕೇಳ್ಕೊಳ್ತೀನಿ ಕಣ್ರೀ,” ಎಂದು ಅವನು ನಕ್ಕ.

ಬೇಲೂರಿನ ಮದನಿಕೆಯರನ್ನೂ ಹಳೇಬೀಡಿನ ಗೋಡೆಗಳನ್ನೂ ಬೆರಗಿನಿಂದ ನೋಡಿ ಬಂದಿದ್ದ ಅವಳ ಕಣ್ಣು ಆ ಸಾಧಾರಣ ನಗುವಿನ ಮೇಲೇ ಯಾಕೆ ನಿಂತಿತೋ, ದೇವರೇ ಬಲ್ಲ!

ಕೆರುಬೊ ಕೀನ್ಯಾ ದೇಶದ ಕಿಸೀ ಬೆಟ್ಟಗಳ ಹುಡುಗಿ. ಮೈಸೂರಿನಲ್ಲಿ ಸ್ವಯಂಸೇವಕರ ತರಬೇತಿ ಮುಗಿಸಿದ್ದಳು. ಗಂಡಸಿಯ ಶಾಲೆಯಲ್ಲಿ ಹುಡುಗಿಯರಿಗೆ ಇಂಗ್ಲಿಷ್ ಕಲಿಸುವುದು ಅವಳ ಕೆಲಸ. ಉಳಿಯುವುದು ಅಲ್ಲಿನ ವಿಜ್ಞಾನದ ಮೇಷ್ಟ್ರಾದ ಇದೇ ಸುನಿಲನ ಮನೆಯಲ್ಲಿ, ಅವನ ತಾಯಿ ಮುದ್ದಮ್ಮನ ಜೊತೆ.

ಮೊದಲ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬಿಸಿ ಮುದ್ದೆ ಬಿತ್ತು. ಒಂದು ತುತ್ತು ಬಾಯಿಗಿಟ್ಟವಳು ಕಿರುಚಿಯೇಬಿಟ್ಟಳು.

“ಅಮ್ಮಾ! ಇದು ನಮ್ಮ ಮನೆಯ ಊಟ! ನಮ್ಮಮ್ಮ ಮಾಡುತ್ತಾಳೆ!”

“ಅಷ್ಟು ದೂರದಾಗೂ ರಾಗಿ ಐತಾ?” ಮುದ್ದಮ್ಮ ಗಲ್ಲಕ್ಕೆ ಕೈ ಇಟ್ಟುಕೊಂಡಳು.

“ರಾಗಿ ಇಲ್ಲಿಗೆ ಬಂದಿದ್ದೇ ಇವ್ರ ಕಡೆಯಿಂದ ಕಣವ್ವ, ಸಾವಿರಾರು ವರ್ಷದ ಹಿಂದೆ,” ಎಂದ ಸುನಿಲ್.

“ಹಂಗಾದ್ರೆ ನಾವೇ ಇವ್ಳ ಮನೆ ಊಟ ಉಣ್ತಿರೋದು ಅನ್ನು!”

ಕೆರುಬೊ ಇನ್ನೊಂದು ತುತ್ತು ಮುರಿದಳು. ‘ಸಮುದ್ರ ದಾಟಿ ಪರದೇಶಕ್ಕೆ ಬಂದೆ ಅಂದುಕೊಂಡಿದ್ದೆನಲ್ಲ... ಇಲ್ಲಿ ನನ್ನ ಅಮ್ಮನ ಒಲೆಯೇ ಉರಿಯುತ್ತಿದೆಯಲ್ಲ!’

ಆಮೇಲಿನ ದಿನಗಳು ಹಿತವಾಗಿ ಸರಿದವು. ಅಟ್ಟದ ತುಂಬ ಒಣಗುವ ತೆಂಗಿನಕಾಯಿ, ಅವು ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಕಾಯುವ ಜನ, ‘ಮಿಸ್ಸು, ಮಿಸ್ಸು’ ಎಂದು ಮುತ್ತುವ ಹುಡುಗಿಯರು... ಎಲ್ಲವೂ ಸೋಜಿಗ. ದಿನವೂ ಅವಳ ಬ್ಯಾಗು ಹೊತ್ತು ಜೊತೆಗೆ ನಡೆಯುವ ಸುನಿಲ್ ಅದಕ್ಕಿಂತ ದೊಡ್ಡ ಸೋಜಿಗ! ಮುದ್ದಮ್ಮನಂತೂ ಅವಳನ್ನು ಕುರ್ಚಿಯಿಂದ ಏಳಲು ಬಿಡುತ್ತಿರಲಿಲ್ಲ. ತಟ್ಟೆ ಎತ್ತಲು ಹೋದರೆ ಕೈ ತಟ್ಟಿ ಕಿತ್ತುಕೊಳ್ಳುತ್ತಿದ್ದಳು.

ಒಮ್ಮೆ ಮುದ್ದಮ್ಮ ಜ್ವರದಿಂದ ಮಲಗಿದಳು. ಕೆರುಬೊ ಯಾರನ್ನೂ ಕೇಳದೆ ಅಡುಗೆಮನೆಗೆ ನುಗ್ಗಿ ಮುದ್ದೆ ತೊಳಸಿ, ಅವಳಿಗೆ ಉಣ್ಣಿಸಿದಳು. ಸುನಿಲ್ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದ.

ಜ್ವರ ಬಿಟ್ಟ ಮೇಲೆ ಎಲ್ಲವೂ ಬದಲಾಯಿತು.

“ತಟ್ಟೆ ತೊಳ್ದಿಡು. ಹಂಗೇ ಬಾಗ್ಲಿಗೆ ನೀರಾಕು,” ಎಂದಳು ಮುದ್ದಮ್ಮ. ಕುರ್ಚಿಯೂ ಹೋಯಿತು, ಉಪಚಾರವೂ ಹೋಯಿತು. ಸುನಿಲ್ ಶಾಲೆಗೆ ಒಬ್ಬನೇ ಹೊರಡತೊಡಗಿದ. ಎದುರಾದರೆ ತಲೆ ತಗ್ಗಿಸುತ್ತಿದ್ದ.

ತರಬೇತಿಯಲ್ಲಿ ಹೇಳಿದ್ದರು: ಮನೆಯವರ ಉಪಚಾರ ನಿಂತರೆ ನೀವು ಅವರಿಗೆ ಭಾರವಾಗಿದ್ದೀರಿ ಎಂದರ್ಥ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ಅರಿತು ಬೇರೆ ಕಡೆ ಕೇಳಿಕೊಳ್ಳಿ.

‘ಕೇಳದೆ ಅವರ ಒಲೆ ಮುಟ್ಟಿದೆ. ಅದಕ್ಕೇ ಈ ಕೋಪ. ಮೇಷ್ಟ್ರಿಗೂ ನಾನು ಬೇಡವಾದೆ...’ ಅವಳು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಮರುದಿನ ತರಬೇತಿ ಕೊಟ್ಟ ಸಂಸ್ಥೆಗೆ ಫೋನ್ ಮಾಡಿ, ಬೇಲೂರಿನ ಕಡೆ ಯಾವುದಾದರೂ ಹಳ್ಳಿ ಕೊಡಿ ಎಂದಳು.

ಸಂಸ್ಥೆಯ ಜೀಪು ಬಂದು ಬಾಗಿಲಲ್ಲಿ ನಿಂತಿತು. ಡ್ರೈವರ್ ಚನ್ನಬಸವಯ್ಯ ಬ್ಯಾಗಿಗೆ ಕೈ ಹಾಕಿದ್ದೇ ತಡ, ಮುದ್ದಮ್ಮ ಅಡ್ಡ ಬಂದಳು.

“ಹೇಳ್ದೆ ಕೇಳ್ದೆ ಎಲ್ಲಿಗೆ ಹೊಂಟೆ? ನಾವೇನ್ ತಪ್ಪು ಮಾಡಿದ್ವಿ ಕಣವ್ವ?”

ಕೆರುಬೊ ಬಿಕ್ಕಿದಳು. “ತಪ್ಪು ನನ್ನದು ಅಮ್ಮ. ನಿಮಗೆ ನಾನು ಸಾಕಾದೆ. ತಟ್ಟೆ ತೊಳೆಯಲು ಹೇಳಿದಿರಿ...”

ಮುದ್ದಮ್ಮ ಕಣ್ಣು ಕಣ್ಣು ಬಿಟ್ಟಳು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು.

“ಅಯ್ಯೋ ನನ್ ಕಂದಾ! ನೆಂಟ್ರ ಕೈಲಿ ಎಂಜ್ಲು ತಟ್ಟೆ ತೊಳಿಸ್ತಾರೇನೇ? ಜ್ವರದಾಗೆ ನನಗೆ ತುತ್ತು ಇಟ್ಯಲ್ಲ, ಅವತ್ತೇ ನೀನು ನಮ್ಮನೆಯೋಳಾದೆ. ಮನೆ ಮಗ್ಳಿಗಲ್ದೆ ಇನ್ಯಾರಿಗೆ ಕೆಲ್ಸ ಹೇಳ್ಲಿ?”

ಕೆರುಬೊ ನಿಂತಲ್ಲೇ ನಿಂತಳು. ‘ದೂರ ತಳ್ಳಿದರು ಅಂದುಕೊಂಡೆನಲ್ಲ! ಇವರು ಒಳಗೆ ಕರೆದುಕೊಂಡಿದ್ದರೇ?’

“ಅವ್ವಾ...” ಸುನಿಲ್ ತಡವರಿಸಿದ. “ಮಗ್ಳು ಅಂತ ಮಾತ್ರ ಅನ್ಬೇಡ.”

“ಯಾಕ್ಲಾ? ಇನ್ನೇನ್ ಅನ್ನಾನ?”

ಅವನ ಮುಖ ಕೆಂಪಾಯಿತು. ಮಗನನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದ ಮುದ್ದಮ್ಮ ಸೆರಗು ಬಾಯಿಗಿಟ್ಟುಕೊಂಡು ಸರಕ್ಕನೆ ಒಳಗೆ ಹೋದಳು.

“ನೀವು ನನ್ನ ಕಂಡರೆ ತಲೆ ತಗ್ಗಿಸುತ್ತೀರಿ,” ಎಂದಳು ಕೆರುಬೊ.

“ತಲೆ ಎತ್ತಿದ್ರೆ ಕಣ್ಣಲ್ಲೇ ಗೊತ್ತಾಗೋಗುತ್ತೆ ಅಂತ ಭಯ. ನೀವು ನಮ್ಮನೇಲಿ ಇದ್ದೀರ. ನಾನು ಬಾಯಿಬಿಟ್ಟು, ನಿಮಗೆ ಇಷ್ಟ ಇಲ್ದೇ ಹೋದ್ರೆ ನೀವು ಎಲ್ಲಿಗೆ ಹೋಗ್ತೀರ? ಅದಕ್ಕೇ ನುಂಗ್ಕೊಂಡೆ. ಈಗ ಹೇಳ್ತೀನಿ... ನೀವಂದ್ರೆ ನನಗೆ ಪ್ರಾಣ ಕಣ್ರೀ. ಇಷ್ಟ ಇಲ್ಲ ಅಂದ್ರೆ ಜೀಪು ಬಾಗ್ಲಲ್ಲೇ ಐತೆ, ನಾನು ತಡೆಯಲ್ಲ.”

ಪಾಠ ಹೇಳುವಾಗ ತರಗತಿಯನ್ನೆಲ್ಲ ತುಂಬುವ ಅವನ ದನಿ ಈಗ ಅರ್ಧಕ್ಕರ್ಧ ಇಳಿದಿತ್ತು. ಯಾವ ಕಲ್ಲಿನ ಮುಂದೆಯೂ ಕೆರುಬೊ ಇಷ್ಟು ಬೆರಗಾಗಿರಲಿಲ್ಲ.

“ಬ್ಯಾಗು ಹತ್ತಿಸ್ಲೋ, ಇಳಿಸ್ಲೋ? ಒಂದ್ ಹೇಳ್ರಪ್ಪಾ!” ಚನ್ನಬಸವಯ್ಯ ಗೊಣಗಿದ.

“ಇಳಿಸಿ,” ಎಂದಳು ಕೆರುಬೊ. ಆಮೇಲೆ ಕಣ್ಣೊರೆಸಿಕೊಂಡು ಸುನಿಲನ ಕಡೆ ತಿರುಗಿದಳು. “ನಮ್ಮೂರಿನಲ್ಲಿ ಹುಡುಗ ಹಸು ಕೊಟ್ಟು ಹೆಣ್ಣು ಕೇಳಬೇಕು, ಮೇಷ್ಟ್ರೇ.”

“ಹಸುನಾ? ಕೀನ್ಯಾಕ್ಕೆ ಹೆಂಗ್ರೀ ಹೊಡ್ಕೊಂಡ್ ಹೋಗ್ಲಿ!”

“ಅದು ನಿಮ್ಮ ತಲೆನೋವು. ನಿಧಾನವಾಗಿ ಯೋಚನೆ ಮಾಡಿ...” ಅವಳು ಮೊದಲ ಬಾರಿಗೆ ಅವನ ಕೈ ಹಿಡಿದಳು. “ನಾನು ಇಲ್ಲೇ ಇರುತ್ತೇನೆ.”